ಕಂಡುದೆಷ್ಟು, ಉಳಿದುದೆಷ್ಟು?

ಮಿಂಚು ಹೊಳೆದಾಗ ಅಂಗಳವೆಲ್ಲ ಕಾಣುತ್ತದೆ. ಕಂಡುದನ್ನು ಹೇಳಹೊರಟರೆ ನಾಲ್ಕೈದು ವಸ್ತುಗಳಿಗೇ ನಮ್ಮ ಮಾತು ಮುಗಿಯುತ್ತದೆ. ಉಳಿದುದನ್ನು ನಾವು ಕಾಣಲೇ ಇಲ್ಲವೊ, ಕಂಡು ಮರೆತೆವೊ?

ಇದನ್ನು 1960ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಪರ್ಲಿಂಗ್ ಪರೀಕ್ಷಿಸಿದರು. ಮೂರು ಸಾಲುಗಳಲ್ಲಿ 12 ಅಕ್ಷರಗಳನ್ನು ಸೆಕೆಂಡಿನ 20ನೆಯ ಒಂದು ಭಾಗದಷ್ಟು ಕಾಲ ತೋರಿಸಿದರು. ನೋಡಿದವರು ಹೇಳಬಲ್ಲವರಾದುದು ನಾಲ್ಕೈದನ್ನು ಮಾತ್ರ. ಬಳಿಕ, ಅಕ್ಷರಗಳು ಮರೆಯಾದೊಡನೆ ಒಂದು ಸ್ವರವನ್ನು ಕೇಳಿಸಿದರು: ತಾರವಾದರೆ ಮೇಲಿನ ಸಾಲು, ಮಧ್ಯವಾದರೆ ನಡುವಿನದು, ಮಂದ್ರವಾದರೆ ಕೆಳಗಿನದು. ಯಾವ ಸಾಲನ್ನು ಕೇಳಿದರೂ ನಾಲ್ಕರಲ್ಲಿ ಸುಮಾರು ಮೂರು ಅಕ್ಷರಗಳು ದೊರೆತವು. ಸಾಲು ಯಾವುದೆಂದು ಮೊದಲೇ ತಿಳಿದಿರಲಿಲ್ಲವಾದುದರಿಂದ, ಆ ಕ್ಷಣದಲ್ಲಿ ಸುಮಾರು 9 ಅಕ್ಷರಗಳು ಮನಸ್ಸಿನಲ್ಲಿ ಉಳಿದಿದ್ದುವೆಂದಾಯಿತು! ಸ್ವರ ಒಂದು ಸೆಕೆಂಡು ತಡವಾದರೆ ಆ ಲಾಭವೆಲ್ಲ ಮಾಯ.

ಹೀಗೆ ನಾವು ಕಾಣುವುದು ಬಹಳ. ಅದು ಅಳಿಯುವ ಮುನ್ನ ಅವಧಾನವು ಆರಿಸಿಕೊಂಡಷ್ಟೇ ನಮಗೆ ದಕ್ಕುತ್ತದೆ.