ಗ್ರಾಮ ಅರಣ್ಯದಲ್ಲಿ ಜಿಯೋಕ್ಯಾಷಿಂಗ್: ಅರ್ಜಿದಾರರಿಗೆ ಮಾಹಿತಿ

ಬೇರೊಬ್ಬರು ಅಡಗಿಸಿಟ್ಟ ಪೆಟ್ಟಿಗೆಯನ್ನು ಜಿಪಿಎಸ್ ನೆರವಿನಿಂದ ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ಹೆಸರು ದಾಖಲಿಸಿ, ಪುನಃ ಅಲ್ಲಿಯೇ ಇರಿಸಿ ಬರುವ ಹವ್ಯಾಸವೇ ಜಿಯೋಕ್ಯಾಷಿಂಗ್. ನಾಗರಿಕ ಬಳಕೆಯ ಜಿಪಿಎಸ್ ಸಂಕೇತದ ನಿಖರತೆಯನ್ನು ತಗ್ಗಿಸುವ ಕ್ರಮವನ್ನು ಅಮೆರಿಕ ಸರ್ಕಾರವು 2000ರ ಮೇ ತಿಂಗಳ ಆರಂಭದಲ್ಲಿ ಕೈಬಿಟ್ಟಿತು. ಅದರ ಬೆನ್ನಲ್ಲೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಮೊದಲ ಪೆಟ್ಟಿಗೆಯನ್ನು ಇರಿಸಲಾಯಿತು.

ಪ್ರತಿ ಪೆಟ್ಟಿಗೆಗೂ ಒಂದು ಹೆಸರಿಡುವುದು ವಾಡಿಕೆ. ಊರಿನ ಹಕ್ಕಿಯ ಹೆಸರನ್ನು ಆಯ್ದುಕೊಳ್ಳುವವರು ಒಂದು ವಿಷಯವನ್ನು ಗಮನಿಸತಕ್ಕದ್ದು. ನವಿಲಿನ ಗಾದೆಯಿಂದ ಎಲ್ಲರಿಗೂ ಪರಿಚಿತವಾದ ಕೆಂಬೂತವು ಕೆಲವೆಡೆ ರತ್ನಪಕ್ಷಿ, ತುಳು ಭಾಷಿಕರಲ್ಲಿ ಕುಪ್ಪುಳು. 'ಕುಪ್ಪುಳು' ಎಂಬ ಸುಳಿವನ್ನು ಓದಿದ ಹೊರಜಿಲ್ಲೆಯವರು ಊರಿನವರನ್ನು ಕೇಳದೆ ಮುಂದುವರಿಯಲಾರರು; ಇದು ತೊಡಕಲ್ಲ, ಅನುಕೂಲವೇ ಸರಿ. ಆದರೆ ಈ ಹಕ್ಕಿಯು ದಟ್ಟ ಪೊದೆಯೊಳಗೆ ಗುಮ್ಮಟದಾಕಾರದ ಗೂಡು ಕಟ್ಟುತ್ತದೆ. ಹೆಸರನ್ನೇ ಸುಳಿವೆಂದು ತಿಳಿದವರು ಮೊದಲು ಕೈಹಾಕುವುದು ಪೊದೆಗೇ. ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸಹ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ವ್ಯಾಖ್ಯೆಯಂತೆ 'ಬೇಟೆ'ಯಲ್ಲಿ ಸೇರುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಕಾಲುದಾರಿಯ ಬದಿಯ ಬಯಲಿನಲ್ಲಿ ಇರಿಸಿ, 'ಪೊದೆಯಲ್ಲಿ ಇಲ್ಲ' ಎಂದು ಸುಳಿವಿನಲ್ಲಿಯೇ ತಿಳಿಸುವುದು ಸೂಕ್ತ.

ಕಾಯ್ದಿಟ್ಟ ಅರಣ್ಯದಲ್ಲಿ ಅತಿಕ್ರಮ ಪ್ರವೇಶವನ್ನು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕರಣ 24 ನಿಷೇಧಿಸುತ್ತದೆ. ಅಭಯಾರಣ್ಯಗಳಿಗೆ ಪ್ರವೇಶದ ಅನುಮತಿ ನೀಡುವವರು ಮುಖ್ಯ ವನ್ಯಜೀವಿ ಪರಿಪಾಲಕರು. ಪ್ರವಾಸಕ್ಕೆಂದು ದೊರೆತ ಅನುಮತಿಯನ್ನು ಪೆಟ್ಟಿಗೆ ಇರಿಸಲು ದೊರೆತ ಅನುಮತಿಯೆಂದು ಭಾವಿಸಬಾರದು. ರಾಜ್ಯದಲ್ಲಿ 1993ರಿಂದ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯಡಿ ಗ್ರಾಮ ಅರಣ್ಯ ಸಮಿತಿಗಳು ರಚನೆಯಾಗಿವೆ. ಅಂತಹ ಪ್ರದೇಶವಾದಲ್ಲಿ ಮೊದಲು ಸಮಿತಿಯ ಸಮ್ಮತಿಯನ್ನು ಪಡೆದು, ಬಳಿಕ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸುವುದು ಒಳಿತು. ಮನವಿಯಲ್ಲಿ ಗ್ರಾಮ, ಸರ್ವೆ ನಂಬರು, ಅಕ್ಷಾಂಶ, ರೇಖಾಂಶ, ಪೆಟ್ಟಿಗೆಯ ಅಳತೆ ಹಾಗೂ ಅರ್ಜಿದಾರರ ವಿಳಾಸವಿರಲಿ. ದೇವರ ಕಾಡುಗಳನ್ನು ಈ ಉದ್ದೇಶಕ್ಕೆ ಆಯ್ದುಕೊಳ್ಳದಿರುವುದೇ ಲೇಸು. ಗ್ರಾಮಸ್ಥರ ಶ್ರದ್ಧೆಯ ಸ್ಥಳದಲ್ಲಿ ಅಪರಿಚಿತರ ಹುಡುಕಾಟ ಕಲಹಕ್ಕೆ ಎಡೆಮಾಡಬಹುದು.

ಪೆಟ್ಟಿಗೆಯನ್ನು ಹೂಳಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ಒಳಗೆ ತಿನಿಸು ಇಡಬಾರದು. ವಾಸನೆಗೆ ಕೋತಿಗಳು ತಪ್ಪದೆ ಬರುತ್ತವೆ. ಹೊರಮೈ ಮೇಲೆ ಒಳಗಿರುವ ವಸ್ತುವಿನ ವಿವರ ಮತ್ತು ಇರಿಸಿದವರ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ಬರೆದಿರತಕ್ಕದ್ದು. ವಿವರವಿಲ್ಲದ ಪೆಟ್ಟಿಗೆಯನ್ನು ಕಂಡ ದನಗಾಹಿಯು ಭಯದಿಂದ ಪೊಲೀಸರಿಗೆ ತಿಳಿಸಿದಲ್ಲಿ ಅದು ಆತನ ತಪ್ಪಲ್ಲ. ಹವ್ಯಾಸವನ್ನು ನಿಲ್ಲಿಸುವವರು ಪೆಟ್ಟಿಗೆಯನ್ನು ತೆರವುಗೊಳಿಸಿ, ಅನುಮತಿ ನೀಡಿದ ಕಚೇರಿಗೂ ಸಮಿತಿಗೂ ಪತ್ರ ಮುಖೇನ ತಿಳಿಸಲು ಕೋರಲಾಗಿದೆ.