ನೇಣುಗಂಬವೂ ಚಿತ್ತಸ್ವಾಸ್ಥ್ಯವೂ

ವಾಚಕರೇ, ‘ಹುಚ್ಚು’ ಎಂಬ ಮಾತನ್ನು ನಾವು ಅಗ್ಗವಾಗಿ ಬಳಸುತ್ತೇವೆ. ನಾಟಕದ ಹುಚ್ಚು, ರೇಡಿಯೋದ ಹುಚ್ಚು ಎನ್ನುತ್ತೇವೆ. ನ್ಯಾಯಾಲಯದಲ್ಲಿ ಅದೇ ಮಾತಿಗೆ ಒಂದು ಪ್ರಾಣದ ತೂಕವುಂಟು. ಚಿತ್ತವಿಕಲತೆಯಿಂದ ತಾನು ಮಾಡುವುದೇನೆಂದು, ಅದು ತಪ್ಪೆಂದು ತಿಳಿಯಲಾರದೆ ಮಾಡಿದ ಕೃತ್ಯ ಅಪರಾಧವೇ ಅಲ್ಲ. ಹಳೆಯ ದಂಡಸಂಹಿತೆಯ 84ನೆಯ ಕಲಮಿನ ಈ ವಿಧಿ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯದಾಗಿದೆ.

ಶಿಕ್ಷೆಯಾದ ಮೇಲೆ ಚಿತ್ತ ಕೆಟ್ಟರೆ? ಅದೂ ನೇಣನ್ನು ಜೀವಾವಧಿಗಿಳಿಸಲು ಕಾರಣವೆಂದು ಸರ್ವೋಚ್ಚ ನ್ಯಾಯಾಲಯ 2014ರ ಜನವರಿ 21ರಂದು, ಶತ್ರುಘ್ನ ಚೌಹಾಣ್ ಮೊಕದ್ದಮೆಯಲ್ಲಿ, ಹೇಳಿತು. ಏತಕ್ಕೆ ಸಾಯುತ್ತಿದ್ದೇನೆಂದು ಅರಿಯದವನನ್ನು ಕೊಂದರೆ ಅದು ಯಾರಿಗೆ ದಂಡನೆ?

ವಿಜಯಪುರದಿಂದ ಟಿಕೋಟಾ, ಅಥಣಿಯ ಹಾದಿಯಲ್ಲಾಗಲಿ, ಬಬಲೇಶ್ವರ, ಜಮಖಂಡಿಯ ಹಾದಿಯಲ್ಲಾಗಲಿ ಸಾಗಿದರೆ ಬೆಳಗಾವಿ ಸಿಕ್ಕುತ್ತದೆ. ಅಲ್ಲಿಯ ಹಿಂಡಲಗಾ ಸೆರೆಮನೆಯಲ್ಲಿ, ಮರಣದಂಡನೆಗೆ ಗುರಿಯಾದ ಬಿ.ಎ. ಉಮೇಶನನ್ನು ವರ್ಷಗಟ್ಟಲೆ ಒಂಟಿಕೋಣೆಯಲ್ಲಿಟ್ಟಿದ್ದರು. ಅವನ ಕೃತ್ಯ ಘೋರವಾದುದು. ಅವನ ಪರ ವಾದಿಸಲು ನಾನು ಕುಳಿತಿಲ್ಲ. ಆದರೆ ಕ್ಷಮಾಭಿಕ್ಷೆಯ ಅರ್ಜಿ ತೀರ್ಮಾನವಾಗುವ ಮೊದಲೇ ಹಾಗೆ ಒಂಟಿಯಾಗಿಡಕೂಡದೆಂದು 1978ರಲ್ಲೇ, ಸುನಿಲ್ ಬಾತ್ರಾ ತೀರ್ಪಿನಲ್ಲಿ, ನಿರ್ಣಯವಾಗಿತ್ತು. ಆ ಏಕಾಂತವಾಸದ ದುಷ್ಪರಿಣಾಮ ಅವನ ಮೇಲಾದುದನ್ನು ಕಂಡ ಸರ್ವೋಚ್ಚ ನ್ಯಾಯಾಲಯ 2022ರ ನವೆಂಬರ್ 4ರಂದು ನೇಣನ್ನು ತಪ್ಪಿಸಿ, ಕನಿಷ್ಠ 30 ವರ್ಷದ ಸೆರೆವಾಸ ವಿಧಿಸಿತು. ಚಿತ್ತವನ್ನು ಕೆಡಿಸುವುದು ಸೆರೆಮನೆಯೇ ಆದಲ್ಲಿ ಹೊಣೆ ಸರ್ಕಾರದ್ದೇ ತಾನೆ!

ಮರಣದಂಡನೆಯ ಕೈದಿಗಳ ಮನಃಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂಬುದು 2014ರ ತೀರ್ಪಿನ ಆಜ್ಞೆ. ಕೈದಿ ಸ್ವಸ್ಥನಲ್ಲವೆಂದು ವೈದ್ಯರ ವರದಿಯಿಂದ ಕಂಡರೆ ಸೆರೆಮನೆಯ ಅಧೀಕ್ಷಕರು ಕೂಡಲೇ ನೇಣನ್ನು ನಿಲ್ಲಿಸಿ, ಅವನನ್ನು ವೈದ್ಯಮಂಡಲಿಯ ಮುಂದೆ ಹಾಜರುಪಡಿಸಬೇಕು.