ಶಾಸನ ಓದಲು ಕಲಿಯಿರಿ: ಮೊಬೈಲ್‌ನಲ್ಲೇ ಕಲಿಕಾ ಬಳಗ

ಬಸದಿಯ ಅಂಗಳದಲ್ಲಿ ಶಾಸನವಿದ್ದರೂ ಅದನ್ನು ಓದಬಲ್ಲವರು ವಿರಳ. ಹಳೆಯ ಲಿಪಿ ಕಲಿಸುವವರು ಹತ್ತಿರದಲ್ಲಿ ಇಲ್ಲದವರಿಗೆ ಸಾಮಾಜಿಕ ಜಾಲತಾಣಗಳು ನೆರವಾಗಬಲ್ಲವು. ಆದರೆ ಹತ್ತಾರು ಗುಂಪು ಸೇರಿದ ಮಾತ್ರಕ್ಕೆ ಕಲಿತಂತಾಗದು. ಕಲಿಕಾ ಬಳಗಕ್ಕೆ ಮೂರು ಆಸರೆ ಬೇಕು.

ಮೊದಲನೆಯದು ಬಲ್ಲವರು. ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಶಾಸನಗಳನ್ನು ವಿವರಿಸುವ ನಾಲ್ಕೈದು ಮಂದಿಯನ್ನು ಆರಿಸಿ, ತಪ್ಪದೆ ಅನುಸರಿಸಿ.

ಎರಡನೆಯದು ಜೊತೆಗಾರರು. ವಾಟ್ಸಾಪ್‌ನಲ್ಲಿ ಐದಾರು ಆಸಕ್ತರು ಸೇರಿ ವಾರಕ್ಕೊಂದು ಸಾಲು ಓದಬಹುದು. ಓರೆಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಚಿತ್ರದ ಜೊತೆ ನಿಮ್ಮ ಓದನ್ನೂ ಬರೆಯಿರಿ, ತಿದ್ದುವವರಿಗೆ ಸುಲಭ.

ಮೂರನೆಯದು ಮೂಲಗ್ರಂಥ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿ 1923ರಲ್ಲಿ ಬಂತು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ವಾಟ್ಸಾಪ್ ಸಂದೇಶದ ಮೇಲಿನ ಜೋಡಿ ಬಾಣದ ಗುರುತು, ಅದು ಹಲವು ಕೈ ದಾಟಿ ಬಂದಿದೆ ಎಂಬುದನ್ನಷ್ಟೇ ಹೇಳುತ್ತದೆ, ಸತ್ಯಕ್ಕೆ ಪ್ರಮಾಣವಲ್ಲ. ಒಂದು ತಪ್ಪು ಓದಿನಿಂದ ದಾನಿಯ ಹೆಸರು, ಕಾಲ ಎರಡೂ ಬದಲಾಗಿ ಮಕ್ಕಳಿಗೆ ಅದೇ ಇತಿಹಾಸವಾಗುತ್ತದೆ. ಆದ್ದರಿಂದ ಸಂಪುಟದ ಪಾಠದೊಂದಿಗೆ ಹೋಲಿಸಿದ ಬಳಿಕವೇ ಮುಂದಕ್ಕೆ ಕಳುಹಿಸಿ.